ಗಾಳಿಯಣ್ಣ ಮೋಡದ ಚೀಲ ಚುಚ್ಚಿದ್ದು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಟ್ಟಗಳ ಹಸಿ ಮೈ ಇನ್ನೂ ಒಣಗಿರಲಿಲ್ಲ. ಆಗ ಮಿಂಚೂ ಇರಲಿಲ್ಲ, ಗುಡುಗೂ ಇರಲಿಲ್ಲ, ಮಗು.

ಮೋಡಗಳೆಂದರೆ ಆಗ ಬಾಯಿ ಹೊಲಿದ ಬೂದು ಚೀಲಗಳು. ಸಮುದ್ರಮ್ಮ ಅವಕ್ಕೆ ನೀರು ತುಂಬಿ ಕೊಡುವಳು. ಗಾಳಿಯಣ್ಣ ಬೆಟ್ಟಕ್ಕೆ ಒಯ್ದು, ನಿಧಾನವಾಗಿ ಹೊಲಿಗೆ ಬಿಚ್ಚಿ ಸುರಿಯುವನು. ಖಾಲಿ ಚೀಲ ಮುದುಡದಿರಲೆಂದು ಉಸಿರು ಊದಿ, ಮತ್ತೆ ಬಾಯಿ ಹೊಲಿದು ವಾಪಸು ತರುವನು.

ಅವನಿಗೆ ಭಾರವೆಂಬುದೇ ಗೊತ್ತಿಲ್ಲ. ಆನೆ ಹೊತ್ತರೂ ಅಷ್ಟೇ, ಅರಳೆ ಹೊತ್ತರೂ ಅಷ್ಟೇ.

ಒಂದು ದಿನ ಖುಷಿ ಹೆಚ್ಚಾಗಿ ಗಿರಗಿರನೆ ಸುತ್ತಿ ಕುಣಿದ. ತುಂಬಿದವೂ ಖಾಲಿಯವೂ ಕಲೆತುಹೋದವು. ಯಾವುದು ಯಾವುದು? ಗಾಳಿಯಣ್ಣ ತಲೆ ಕೆರೆದುಕೊಂಡ.

ಕೆಳಗಿನಿಂದ ಪುಟ್ಟ ಹಳ್ಳ ಕೂಗಿತು. “ಅಣ್ಣಾ, ನನ್ನ ಉಡಿಯಾಗ ಮೀನಿನ ಮರಿ ಅದಾವು. ನೀರು ಬೊಗಸಿಯಷ್ಟ ಉಳದೈತಿ. ಲಗೂನ ಬಾ!”

ಗಾಳಿಯಣ್ಣ ಕೈಗೆ ಸಿಕ್ಕ ಚೀಲ ತಂದು, ಕಷ್ಟಪಟ್ಟು ಹೊಲಿಗೆ ಬಿಚ್ಚಿದ. ಬುಸ್! ಅವನ ಉಸಿರೇ ಅವನ ಮುಖಕ್ಕೆ ಬಡಿಯಿತು.

“ತುಂಬಿದ ಕೊಡ ತುಳುಕೂದಿಲ್ಲ ಅಂತಾರಲ್ಲೋ,” ಎಂದಿತು ಹುಣಸೆಮರ. “ಕಿವಿಗೊಟ್ಟು ಕೇಳು.”

ಕೇಳಿದ. ಒಂದು ಚೀಲ ತುಳುಕುತ್ತಿತ್ತು, ಖಾಲಿಯೆಂದುಕೊಂಡು ಅದನ್ನು ಸಮುದ್ರಕ್ಕೆ ಒಯ್ದ. ಇನ್ನೊಂದು ಸುಮ್ಮನಿತ್ತು, ಅದನ್ನು ಹಳ್ಳಕ್ಕೆ ತಂದ. ಬುಸ್! ಪಾಪ, ಖಾಲಿ ಕೊಡವೂ ತುಳುಕುವುದಿಲ್ಲ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಅತ್ತ ಸಮುದ್ರಮ್ಮ ಬೈದಳು. “ಎಲಾ ಇವನ! ನಾ ತುಂಬಿ ಕಳಿಸಿದ್ದನ್ನ ನನ್ನ ಮನೀಗೇ ತಂದಿಯಲ್ಲೋ!”

ಹಳ್ಳದಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಗಾಳಿಯಣ್ಣನಿಗೆ ಅಳುವೇ ಬಂತು.

ದಾರಿಯಲ್ಲಿ ಕಾಳು ಮಾರುವ ದ್ಯಾಮವ್ವ ಕೂತಿದ್ದಳು. ಟೊಳ್ಳಾದ ಕಬ್ಬಿಣದ ಕಡ್ಡಿಯನ್ನು ತನ್ನ ಕಾಳಿನ ಚೀಲಕ್ಕೆ ಚುಚ್ಚಿ ಎಳೆದಳು. ಕಡ್ಡಿಯೊಳಗೆ ನಾಲ್ಕು ಜೋಳದ ಕಾಳು ಬಂದವು. ಅವಳು ಮುಗುಳ್ನಕ್ಕಳು.

“ಚೀಲದ ಮಾರಿ ನೋಡಿದ್ರ ಏನ್ ತಿಳೀತೈತಿ, ತಮ್ಮಾ?” ಎಂದಳು. “ಚುಚ್ಚಿ ನೋಡಬೇಕು. ಒಯ್ಯಿ ಇದನ್ನ. ಹಗೂರಕ ಚುಚ್ಚು ಮತ್ತ.”

ಆದರೆ ಮರಿಗಳ ಜೀವ ಬಾಯಿಗೆ ಬಂದಿರುವಾಗ ಹಗುರ ಎಲ್ಲಿಂದ ಬರಬೇಕು? ಗಾಳಿಯಣ್ಣ ಒಂದು ಚೀಲವನ್ನು ಹಳ್ಳದ ಮೇಲೆ ಎಳೆತಂದು, ಕಡ್ಡಿ ಎತ್ತಿ, ಕಣ್ಣು ಮುಚ್ಚಿ ಚುಚ್ಚಿಯೇಬಿಟ್ಟ. ಕಡ್ಡಿ ಫಳ್ ಎಂದು ಹೊಳೆಯಿತು. ಚೀಲ “ಅಯ್ಯಯ್ಯೋ!” ಎಂದು ಗುಡುಗುಡು ಕಿರುಚಿತು. ತೂತಿನಿಂದ ನೀರು ಧೋ ಎಂದು ಸುರಿಯಿತು.

ಹಳ್ಳ ತುಂಬಿತು. ಮರಿಗಳು ಬಾಲ ಬಡಿದವು. ಗಾಳಿಯಣ್ಣ ನಕ್ಕ, ಅತ್ತ, ಚೀಲವನ್ನು ಸವರಿ “ನೋವಾಯ್ತೇನ?” ಎಂದ.

ಅಂದಿನಿಂದ ಅವನು ಕಡ್ಡಿ ಬಿಟ್ಟಿಲ್ಲ. ಗೊಂದಲವೂ ಅವನನ್ನು ಬಿಟ್ಟಿಲ್ಲ. ಆಕಾಶದಲ್ಲಿ ಮೊದಲು ಫಳ್ ಎಂದು ಹೊಳೆದು, ಆಮೇಲೆ ಗುಡುಗುಡು ಕೇಳಿ, ಒಂದು ಹನಿಯೂ ಬೀಳದೆ ಹೋದರೆ ಬೈಯಬೇಡ, ಮಗು. ಖಾಲಿ ಚೀಲಕ್ಕೆ ಚುಚ್ಚಿದ ಗಾಳಿಯಣ್ಣ ತಲೆ ಕೆರೆದುಕೊಂಡು, ನಿನಗಾಗಿ ಇನ್ನೊಂದನ್ನು ಹುಡುಕುತ್ತಿದ್ದಾನೆ.