ಮಹಾರಾಣಿ ವಾಪಸ್ ಬರೋ ಮಂತ್ರ

ತಾಲ್ಲೂಕು ಆಫೀಸಿನ ಸರ್ವೇಯರ್ ಕೊಟ್ರೇಶ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಹೆಗಲಲ್ಲಿ ಒಂದು ಚೀಲ ಇತ್ತು. ಚೀಲದಲ್ಲಿ ಒಂದು ಕಾದಂಬರಿ ಇತ್ತು. ಕಾದಂಬರಿ ಒಂದು ವರ್ಷದಿಂದ ಇಪ್ಪತ್ಮೂರನೇ ಅಧ್ಯಾಯದಲ್ಲಿ ಕೂತುಬಿಟ್ಟಿತ್ತು. ಏಳು ಅಂದರೂ ಏಳ್ತಿರಲಿಲ್ಲ.

ಆಶ್ರಮದ ಅಜ್ಜಾರು ವಯಸ್ಸಿನಲ್ಲಿದ್ದಾಗ ಮಾಯಾಲೋಕದ ಕಾದಂಬರಿಗಳನ್ನ ಬರೆದು ಹೆಸರಾದವರು. ಈಗ ತಾವು ಬರೆಯೋದು ಬಿಟ್ಟು, ಬರೆಯೋಕೆ ಹೊರಟವರನ್ನ ಕೂರಿಸಿಕೊಂಡು ಕೇಳ್ತಿದ್ದರು.

"ಯಾವ ಥರದ ಕಥೆಯಪ್ಪ ನಿಂದು?"

"ಅದೇ ಗೊತ್ತಾಗ್ತಿಲ್ಲ ಅಜ್ಜಾರೆ. ಫ್ಯಾಂಟಸೀಲಿ ತುಂಬಾ ಜಾತಿ ಇದಾವಂತೆ."

"ಅಲ್ಲಿಗೂ ಬಂತಾ?"

ಕೊಟ್ರೇಶ ಜೇಬಿಂದ ಒಂದು ಪಟ್ಟಿ ತೆಗೆದ. ಹೊಸ ಕಾದಂಬರಿಕಾರರಿಗೆ ಅಂತ ಜಿಲ್ಲಾ ಕೇಂದ್ರದಲ್ಲಿ ನಡೆದ ಶಿಬಿರದಲ್ಲಿ ಕೊಟ್ಟಿದ್ದ ಪಟ್ಟಿ.

"ಎಪಿಕ್ ಅಂತ ಒಂದಿದೆ. ಅದ್ರಲ್ಲಿ ಇಡೀ ಲೋಕ ಮುಳುಗೋ ಹೊತ್ತಿಗೆ ಯಾರೋ ಒಬ್ಬ ಬಂದು ಉಳಿಸ್ತಾನೆ."

"ಒಬ್ಬನೇನಾ?"

"ಒಬ್ಬನೇ. ಪೋರ್ಟಲ್ ಅಂದ್ರೆ, ಯಾವ್ದೋ ಬಾಗಿಲು ತೆಗೆದ್ರೆ ಆಚೆಗೆ ಬೇರೆ ಲೋಕ. ಅರ್ಬನ್ ಅಂದ್ರೆ ಊರು ನಮ್ಮದೇ, ಆದ್ರೆ ಬಸ್ ಸ್ಟ್ಯಾಂಡಲ್ಲಿ ಪಕ್ಕ ಕೂತೋರು ಯಕ್ಷರು. ಡಾರ್ಕ್ ಅಂದ್ರೆ ಎಲ್ರೂ ಸಾಯ್ತಾರೆ."

"ಅದಕ್ಕೆ ಕಾದಂಬರಿ ಯಾಕೆ ಬೇಕು?"

"ಕೋಜಿ ಅಂತಾನೂ ಇದೆ. ಅದ್ರಲ್ಲಿ ಮಾಂತ್ರಿಕರು ಚಹಾ ಅಂಗಡಿ ಇಟ್ಕೊಂಡಿರ್ತಾರೆ. ಯಾರೂ ಸಾಯಲ್ಲ."

"ನಿಂದ್ರಲ್ಲಿ?"

ಕೊಟ್ರೇಶ ಪಟ್ಟಿ ಮಡಚಿದ.

"ನಂದ್ರಲ್ಲಿ ಒಬ್ಬಳೇ ಸತ್ತಿರೋದು. ಅವಳು ವಾಪಸ್ ಬರಬೇಕು."

ಅಜ್ಜಾರು ಪಟ್ಟಿ ಇಸ್ಕೊಂಡು ಮೇಲಿಂದ ಕೆಳಗಿನತನಕ ನೋಡಿದರು.

"ಇದ್ರಲ್ಲಿ ಅದು ಇಲ್ವಲ್ಲಪ್ಪ."

ಮೂರು ದಿನ ಕೂತು ಅಜ್ಜಾರು ಕಾದಂಬರಿ ಓದಿದರು. ಅದರ ಜೊತೆ ಒಂದು ನಕ್ಷೆ ಇತ್ತು. ಹಾಸಿದರೆ ಪಡಸಾಲೆ ತುಂಬೋ ಅಷ್ಟು ದೊಡ್ಡದು. ಏಳು ಸಮುದ್ರದಾಚೆಯ ಸಾಮ್ರಾಜ್ಯಕ್ಕೂ ಕೊಟ್ರೇಶ ಹೋಬಳಿ ಮಾಡಿದ್ದ, ಸರ್ವೆ ನಂಬರ್ ಹಾಕಿದ್ದ, ರಾಕ್ಷಸರ ಕಾಡಿಗೆ ಗಡಿಕಲ್ಲು ನೆಟ್ಟಿದ್ದ. ಆ ಸಾಮ್ರಾಜ್ಯದ ಮಹಾರಾಣಿ ದ್ರಾಕ್ಷಾವತಿ ಇಪ್ಪತ್ತೆರಡನೇ ಅಧ್ಯಾಯದಲ್ಲಿ ಜ್ವರ ಬಂದು ತೀರಿಕೊಳ್ಳುತ್ತಿದ್ದಳು. ಇಪ್ಪತ್ಮೂರರಲ್ಲಿ ರಾಜ ಮಂತ್ರ ಹಾಕಿ ಅವಳನ್ನ ಕರೆಸಬೇಕಿತ್ತು. ಅಲ್ಲಿಂದ ಮುಂದೆ ಖಾಲಿ ಹಾಳೆ.

ಓದಿ ಮುಗಿಸಿ ಅಜ್ಜಾರು ಒಂದೇ ಪ್ರಶ್ನೆ ಕೇಳಿದರು.

"ಈ ಮಹಾರಾಣಿ ಪ್ರತಿ ಅಧ್ಯಾಯದಲ್ಲೂ ಬದನೆಕಾಯಿ ಪಲ್ಯ ಬೇಡ ಅಂತಾಳಲ್ಲ, ಯಾಕೆ?"

"ಅವಳಿಗೆ ಸೇರ್ತಿರಲಿಲ್ಲ."

"ಯಾರಿಗೆ?"

"ದ್ರಾಕ್ಷಾಯಣಿಗೆ. ನನ್ನ ಹೆಂಡ್ತಿ. ಹೋಗಿ ಮೂರು ವರ್ಷ ಆಯ್ತು." ಕೊಟ್ರೇಶ ನೆಲ ನೋಡಿದ. "ಅವಳು ಬರೋಕೆ ಇನ್ನೆಲ್ಲಿ ಜಾಗ ಇದೆ ಅಜ್ಜಾರೆ? ಈ ಪುಸ್ತಕ ಒಂದೇ. ಇಲ್ಲೂ ಬರಲಿಲ್ಲ ಅಂದ್ರೆ ಎಲ್ಲೂ ಬರಲ್ಲ."

ಅಜ್ಜಾರು ಖಾಲಿ ಹಾಳೆಯನ್ನ ಅವನ ಕಡೆ ಸರಿಸಿದರು.

"ಮಂತ್ರಕ್ಕೆ ರಾಜ ಏನು ಕೊಡ್ತಾನೆ?"

"ಕೊಡೋದಾ?"

"ಬೆಲೆ ಇಲ್ಲದ ಮಂತ್ರ ಕಥೇಲಿ ನಿಲ್ಲಲ್ಲಪ್ಪ. ಓದೋರು ನಂಬಲ್ಲ. ಇಲ್ಲಿ ಒಂದು ಪದ್ಧತಿ ಇದೆ. ಮಂತ್ರ ಯಾರು ಬರೀತಾರೋ, ಅದರ ಬೆಲೇನ ಒಂದು ದಿನ ಅವರೇ ತೆತ್ತು ನೋಡಬೇಕು."

ಪದ್ಧತಿ ಹಳೇದು, ಅದರ ಪುರಾಣವೂ ದೊಡ್ಡದು. ಹಿಂದೆ ಒಬ್ಬ ಶಿಷ್ಯ, ತನ್ನ ವೀರ ಪ್ರತಿ ಯುದ್ಧಕ್ಕೂ ಮುಂಚೆ ಒಂದು ಲೋಟ ಬೇವಿನ ರಸ ಕುಡೀತಾನೆ ಅಂತ ಬರೆದಿದ್ದ. ಕಾದಂಬರೀಲಿ ನಲವತ್ತೆರಡು ಯುದ್ಧ ಇದ್ದವು. ಮೂರನೇ ಲೋಟ ಆದ ಮೇಲೆ ಯುದ್ಧಗಳೂ ಮೂರಕ್ಕೆ ಇಳಿದವು. ಪುಸ್ತಕ ಚೆನ್ನಾಗಿ ಬಂತು ಅಂತ ಆಮೇಲೆ ಎಲ್ಲರೂ ಹೇಳಿದರು. ಇನ್ನೊಬ್ಬ, ಮಾಯವಾಗಬೇಕಾದರೆ ಯಾರೂ ಮಾತಾಡಿಸಬಾರದು ಅಂತ ಬರೆದಿದ್ದ. ಅವತ್ತು ಊಟದ ಸಾಲಲ್ಲಿ ಅವನ ಎಲೆಗೇ ಯಾರೂ ಬಡಿಸಲಿಲ್ಲ. ಅವನು ಪತ್ತೇದಾರಿ ಕಾದಂಬರಿಗೆ ಹೋದ.

ಕೊಟ್ರೇಶ ಹಿಂದೆಮುಂದೆ ನೋಡಲಿಲ್ಲ. "ರಾಜ ಒಂದು ಕಣ್ಣು ಕೊಡ್ತಾನೆ" ಅಂತ ಬರೆದ.

ಬೆಳಗ್ಗೆ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡ. ಮೆಟ್ಟಿಲು ಒಂದು ಕಡೆ ಇತ್ತು, ಅವನು ಇನ್ನೊಂದು ಕಡೆ ಇಳಿದ. ಮಧ್ಯಾಹ್ನ ಬಡಿಸೋಕೆ ನಿಂತು, ಎಲೆಗೆ ಹಾಕಬೇಕಾದ ಸಾರನ್ನ ಪಕ್ಕದವರ ಪಂಚೆಗೆ ಹಾಕಿದ. ಸಂಜೆ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಬಂದು ಅಜ್ಜಾರ ಮುಂದೆ ಕೂತ.

"ಕೊಡ್ತೀನಿ ಅಜ್ಜಾರೆ. ಇನ್ನೊಂದೂ ಬೇಕಾದ್ರೆ ಕೊಡ್ತೀನಿ."

"ನಗ್ತಾ ಹೇಳ್ತಿದೀಯ. ಬೇರೆ ಬರಿ."

"ರಾಜ ತನ್ನ ದನಿ ಕೊಡ್ತಾನೆ" ಅಂತ ಬರೆದ. ಮಾರನೇ ದಿನ ಬಾಯಿ ಬಿಚ್ಚಲಿಲ್ಲ. ಥಂಡಿ ಹಿಡಿದಿತ್ತು ಅಂತ ಬಿಸಿಲಿಗೆ ಹಾಸಿದ್ದ ನಕ್ಷೆಗೆ ಆಶ್ರಮದ ಆಡು ಬಾಯಿ ಹಾಕಿದ್ದನ್ನ ದೂರದಿಂದ ಕಂಡ. ಹೋಯ್ ಅನ್ನೋ ಹಾಗಿರಲಿಲ್ಲ. ಓಡಿ ಬರೋ ಅಷ್ಟರಲ್ಲಿ ಪೂರ್ವದ ಎರಡು ಹೋಬಳಿ ಹೋಗಿದ್ದವು.

ಸಂಜೆ ಅವನು ಅದನ್ನೂ ನಗ್ತಾನೇ ಹೇಳಿದ.

"ಬೇರೆ ಬರಿ" ಅಂದರು ಅಜ್ಜಾರು.

"ಆಯುಷ್ಯದಲ್ಲಿ ಹತ್ತು ವರ್ಷ ಕೊಡ್ತಾನೆ."

"ಆ ಹತ್ತು ವರ್ಷ ರಾಜನಿಗೆ ಬೇಕಾ?"

ಕೊಟ್ರೇಶ ಪೆನ್ನಿನ ಮುಚ್ಚಳ ಹಾಕಿದ.

"ನಿನಗೆ ಬೇಕಾ?"

ಮುಚ್ಚಳ ತೆಗೆದ, ಮತ್ತೆ ಹಾಕಿದ.

"ಬೇಡದ್ದನ್ನ ಕೊಡೋದು ಕಸ ಚೆಲ್ಲಿದ ಹಾಗೆ, ಕೊಟ್ರೇಶ. ಹೋಗಲಿ, ಅವಳು ವಾಪಸ್ ಬಂದ್ರೆ ನೀನು ಮೊದಲು ಏನ್ ಮಾಡ್ತೀಯ ಹೇಳು."

ಅವನ ಮುಖ ಬೆಳಗಿತು.

"ಏನೂ ಮಾಡಲ್ಲ. ನೋಡ್ತೀನಿ, ಅಷ್ಟೇ. ಸಂತೇಲಿ ಸಾವಿರ ಜನ ಇರಲಿ, ಆ ತುದೀಲಿ ಅವಳು ಬರ್ತಿದ್ರೆ ಈ ತುದೀಲಿ ನನಗೆ ಗೊತ್ತಾಗೋದು. ಎಡಗಾಲು ಸ್ವಲ್ಪ ಎಳೆದು ಹಾಕ್ತಿದ್ಲು. ಜೋಕು ಹೇಳೋಕೆ ಮುಂಚೇನೇ ನಕ್ಕುಬಿಡ್ತಿದ್ಲು, ಹಂಗಾಗಿ ಒಂದು ಜೋಕೂ ಪೂರ್ತಿ ಆಗ್ತಿರಲಿಲ್ಲ. ಆ ನಗು ಕೇಳಿದ್ರೆ ಸಾಕು, ತಿರುಗಿ ನೋಡೋದೂ ಬೇಡ, ಅವಳೇ ಅಂತ ಹೇಳಿಬಿಡ್ತೀನಿ."

"ಅದನ್ನ ಕೊಡು."

"ಯಾವ್ದನ್ನ?"

"ಆ ಗುರುತನ್ನ. ಅವಳು ಬರ್ತಾಳೆ. ಆದ್ರೆ ಅವಳೇ ಅಂತ ನಿನಗೆ ಗೊತ್ತಾಗಲ್ಲ. ಮುಖ ಬೇರೆ, ನಡಿಗೆ ಬೇರೆ, ನಗು ಬೇರೆ."

ಕೊಟ್ರೇಶ ಎದ್ದು ನಿಂತ.

"ಅದೆಂಥ ವಾಪಸ್ ಬರೋದು ಅಜ್ಜಾರೆ?"

"ನೀನೇ ಹೇಳಪ್ಪ. ಬರಬೇಕು ಅಂದವನು ನೀನು."

ಅವನು ಚೀಲ ತುಂಬಿಕೊಂಡ. ಆಡು ಬಿಟ್ಟಿದ್ದ ಸಾಮ್ರಾಜ್ಯವನ್ನ ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡು, ಯಾರಿಗೂ ಹೇಳದೆ ಹೋಗಿ ರಸ್ತೇಲಿ ನಿಂತ. ಬಸ್ ಬಂತು. ನಿಂತಿತು. ಕಂಡಕ್ಟರ್ ಎರಡು ಸಲ ಕರೆದು, ಮೂರನೇ ಸಲ ಬೈದು, ಸೀಟಿ ಊದಿದ. ಬಸ್ ಹೋಯ್ತು.

ಕೊಟ್ರೇಶ ತಿರುಗಿ ಬಂದು, ಇಪ್ಪತ್ಮೂರನೇ ಅಧ್ಯಾಯದ ಖಾಲಿ ಹಾಳೆ ಮೇಲೆ, ರಾಜ ಅವಳ ಗುರುತನ್ನ ಕೊಡ್ತಾನೆ ಅಂತ ಎರಡು ಸಾಲು ಬರೆದು ಅಜ್ಜಾರ ಮುಂದೆ ಇಟ್ಟ.

ಅವರು ಓದಿದರು. "ನಾಳೆ ಬೆಳಗ್ಗೆಯಿಂದ ದೀಪ ಹಚ್ಚೋ ಹೊತ್ತಿನತನಕ ಬಾಗಿಲಲ್ಲಿ ಕೂರು. ಮಂತ್ರ ಹಾಕಿ ಆಗಿದೆ, ಅವಳು ಬಂದಿದ್ದಾಳೆ ಅಂತ ತಿಳ್ಕೋ."

ದೋಣಿಗೆ ಹೋಗೋ ದಾರಿ ಆಶ್ರಮದ ಬಾಗಿಲ ಮುಂದೇನೇ ಇತ್ತು. ಬಾಗಿಲಲ್ಲಿ ನೀರಿನ ಗಡಿಗೆ, ಒಳಗೆ ಊಟ, ಬಂದವರಿಗೆಲ್ಲ. ಕೊಟ್ರೇಶ ಬೆಳಗ್ಗೇನೇ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂತ.

ಮೊದಲು ಬಂದವಳು ಸೊಪ್ಪಿನ ಬುಟ್ಟಿಯ ಹೆಂಗಸು. ಬುಟ್ಟಿ ಇಳಿಸಿ, ದಾರಿ ಮಾಡಿಸಿದವರ ವಂಶವನ್ನೆಲ್ಲ ಬೈದು, ನೀರು ಕೇಳಿದಳು. ಕೊಟ್ರೇಶ ಲೋಟ ಕೊಟ್ಟು ಅವಳ ಮುಖಾನೇ ನೋಡ್ತಾ ನಿಂತ.

"ಅಕ್ಕಾ, ನಿಮಗೆ ಬದನೆಕಾಯಿ ಸೇರುತ್ತಾ?"

"ಯಾಕಪ್ಪಾ, ಹೆಣ್ಣು ನೋಡೋಕೆ ಬಂದಿದೀಯಾ?"

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಹೋಗೋವಾಗ ಕಾಲು ಎಳೆದು ಹಾಕ್ತಾಳಾ ಅಂತ ನೋಡಿದ. ಇಲ್ಲ. ಆಮೇಲೆ ನೆನಪಾಯ್ತು, ನಡಿಗೆಯನ್ನ ತಾನೇ ಕೊಟ್ಟಿದ್ದ. ಕಾಲು ಎಳೆಯದೇ ಇದ್ದಿದ್ದೂ ಲೆಕ್ಕಕ್ಕೆ ಬರಲ್ಲ.

ಎರಡನೇವಳು ಒಬ್ಬ ಟೀಚರ್. ಸ್ಕೂಟರ್ ಪಂಕ್ಚರ್ ಆಗಿತ್ತು, ಅದಕ್ಕೆ ಕೊಟ್ರೇಶನೇ ಕಾರಣ ಅನ್ನೋ ಹಾಗೆ ಅವನನ್ನ ಗದರಿದಳು. ದ್ರಾಕ್ಷಾಯಣಿ ಗದರೋಳಲ್ಲ. ಆದರೆ ಇವಳೇ ಅವಳಾಗಿದ್ದರೆ? ಅವನು ಸ್ಕೂಟರನ್ನ ಬಿಸಿಲಲ್ಲಿ ರಸ್ತೆ ತನಕ ತಳ್ಳಿಕೊಟ್ಟು, ಓಡಿಕೊಂಡು ವಾಪಸ್ ಬಂದ. ತಾನಿಲ್ಲದಾಗ ಯಾರಾದರೂ ಬಂದು ಹೋದರಾ ಅಂತ ಗಡಿಗೆಯ ಮೇಲಿನ ಲೋಟ ಮುಟ್ಟಿ ನೋಡಿದ.

ಕಿವಿ ಕೇಳದ ಒಬ್ಬ ಮುದುಕಿ ಬಂದಳು. ಅವಳಿಗೆ ಎರಡು ಸಲ ಅನ್ನ ಬಡಿಸಿದ.

ಆಮೇಲೆ ಬಂದವನು ಒಬ್ಬ ಗಂಡಸು. ಕಾಲಲ್ಲಿ ಹುಣ್ಣು, ಮೈಯಲ್ಲಿ ಬೀಡಿ ವಾಸನೆ. ಕೊಟ್ರೇಶ ಮುಖ ತಿರುಗಿಸಿದ. ತಿರುಗಿಸಿದವನಿಗೆ ಒಂದು ಮಾತು ಹೊಳೀತು. ಮುಖ ಬೇರೆ, ನಡಿಗೆ ಬೇರೆ ಅಂತ ಬರೆದಿದ್ದ. ಹೆಂಗಸೇ ಆಗಿರಬೇಕು ಅಂತ ಎಲ್ಲಿ ಬರೆದಿದ್ದ? ಇಪ್ಪತ್ತು ವರ್ಷ ಸರ್ವೇಯರ್ ಆಗಿದ್ದವನು ಸ್ವಂತ ಮಂತ್ರಕ್ಕೆ ಗಡಿ ಹಾಕೋದು ಮರೆತಿದ್ದ.

"ಬನ್ನಿ, ಕೂತ್ಕೊಳ್ಳಿ" ಅಂದ. ಬಿಸಿನೀರು ತಂದು ಆ ಕಾಲು ತೊಳೆದ.

"ಯಾರಪ್ಪಾ ನೀನು?" ಅಂತ ಕೇಳಿದ ಆ ಮನುಷ್ಯ.

"ಗೊತ್ತಾಗಲಿಲ್ವಾ?" ಅಂದ ಕೊಟ್ರೇಶ, ಮೆಲ್ಲಗೆ.

"ಇಲ್ಲವಲ್ಲ."

"ಇರಲಿ ಬಿಡಿ."

ಮಧ್ಯಾಹ್ನದ ಹೊತ್ತಿಗೆ ಅವನು ಆರಿಸೋದನ್ನೇ ಬಿಟ್ಟಿದ್ದ. ಬಂದವರಿಗೆಲ್ಲ ಎದ್ದು ನಿಂತ. ಎಲ್ಲರನ್ನೂ ಊಟ ಆಯ್ತಾ ಅಂತ ಕೇಳಿದ. ದೋಣಿಯವನು ತನ್ನ ಹೆಂಡತಿ ಜೊತೆ ಆಡಿದ ಜಗಳಾನ ಅರ್ಧ ಗಂಟೆ ಹೇಳಿದ, ಅದನ್ನೂ ಕೇಳಿದ.

ನಾಲ್ಕು ಗಂಟೆ ಸುಮಾರಿಗೆ ಗಾಳಿ ತಣ್ಣಗಾಯ್ತು. ಕೊಟ್ರೇಶ ಬಾಗಿಲಿನ ಚೌಕಟ್ಟಿಗೆ ಒರಗಿದ. ಕಣ್ಣು ಮುಚ್ಚಿ ಹೋಯ್ತು.

ಹತ್ತು ನಿಮಿಷ ಇರಬಹುದು, ಅಷ್ಟೇ.

ಎಚ್ಚರಾದಾಗ ಗಡಿಗೆಯ ಮೇಲಿದ್ದ ಲೋಟ ಕೆಳಗೆ ಕಟ್ಟೆ ಮೇಲಿತ್ತು. ತೊಳೆದು ಬೋರಲು ಹಾಕಿತ್ತು. ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಒಂದೆರಡು, ಆರ್ತಾ ಇದ್ದವು.

ಅವನು ದಾರಿಗೆ ಓಡಿದ. ಹೊಳೆ ಕಡೆ ಓಡಿದ. ದೋಣಿ ಆಚೆ ದಡ ಮುಟ್ಟಿತ್ತು, ಇಳಿದವರು ಆಗಲೇ ಚದುರಿದ್ದರು. ರಸ್ತೆ ಕಡೆ ಓಡಿದ. ಒಂದು ಚಪ್ಪಲಿ ಕಿತ್ತು ಹೋಯ್ತು, ಬಿಟ್ಟು ಓಡಿದ. ರಸ್ತೇಲಿ ಯಾರೂ ಇರಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಒಂದೇ ಚಪ್ಪಲಿ ಹಾಕಿಕೊಂಡು ವಾಪಸ್ ಬಂದ. ಅಜ್ಜಾರು ಬಾಗಿಲಲ್ಲಿ ಕೂತಿದ್ದರು. ಅವನು ಅವರ ಪಕ್ಕದಲ್ಲಿ ಕೂತ.

"ನಿದ್ದೆ ಬಂತು ಅಜ್ಜಾರೆ."

"ಹೂಂ."

"ಆಸ್ಪತ್ರೇಲೂ ಹಿಂಗೇ ಆಯ್ತು. ನಾಲ್ಕು ದಿನ ಕಣ್ಣು ಮುಚ್ಚಿರಲಿಲ್ಲ ನಾನು. ಐದನೇ ದಿನ ಬೆಂಚಿನ ಮೇಲೆ ಹಿಂಗೇ ಒರಗಿದೆ. ನರ್ಸ್ ಬಂದು ಎಬ್ಬಿಸಿದ್ಲು. ಅಷ್ಟರಲ್ಲಿ ಆಗಿ ಹೋಗಿತ್ತು. ಕೊನೇಲಿ ಅವಳು ಕಣ್ಣು ಬಿಟ್ಟು ಯಾರನ್ನೋ ಹುಡುಕಿದ್ಲಂತೆ."

ಹೊಳೆ ಸದ್ದು ಕೇಳ್ತಿತ್ತು. ಕೊಟ್ರೇಶ ಅಂಗಿ ತೋಳಿಂದ ಮುಖ ಒರೆಸಿಕೊಂಡ. ಇಸ್ತ್ರಿ ಯಾವಾಗಲೋ ಹೋಗಿತ್ತು.

"ಅಧ್ಯಾಯ ಮುಂದಕ್ಕೆ ಬರೀಬೇಕು" ಅಂದ. "ರಾಜ ಮಂತ್ರ ಹಾಕ್ತಾನೆ. ಅರಮನೆ ಬಾಗಿಲಿಗೆ ಬಂದು ಕೂರ್ತಾನೆ. ಬಂದೋರನ್ನೆಲ್ಲ ನೋಡ್ಕೋತಾನೆ. ಅಲ್ಲಿತನಕ ಗೊತ್ತಾಗಿದೆ."

"ಸರಿ ಇದೆ."

"ಆದ್ರೆ ಎಷ್ಟು ದಿನ ಕೂರ್ತಾನೆ ಅಂತ ಬರೀಲಿ ಅಜ್ಜಾರೆ?"

ಅಜ್ಜಾರು ಲೋಟ ಎತ್ತಿ ಗಡಿಗೆಯ ಮೇಲೆ ಇಟ್ಟರು.

"ನನ್ನ ಮಂತ್ರಕ್ಕೆ ನಾನೂ ಒಂದು ದಿನ ಅಂತ ಬರ್ಕೊಂಡಿದ್ದೆ, ಕೊಟ್ರೇಶ. ಈ ಬಾಗಿಲಲ್ಲಿ ಕೂತು ನಲವತ್ತೊಂದು ವರ್ಷ ಆಯ್ತು."