ಪುಟ್ಟ ಗಿಡ ಎಲೆ ಮಡಿಸಿದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ನದಿಗಳಿಗೆ ಸಮುದ್ರದ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಊರವರನ್ನು ಕೇಳಿಕೊಂಡೇ ಹರಿಯುತ್ತಿದ್ದವು. ಗಾಳಿಯೂ ಬಾಗಿಲಲ್ಲಿ ನಿಂತು, "ಒಳಗೆ ಬರಲಾ?" ಎಂದು ಕೇಳಿಯೇ ಬರುತ್ತಿತ್ತು.

ಆ ಕಾಲದಲ್ಲಿ ದೇವೀರಮ್ಮ ಎಂಬ ಹೆಂಗಸಿದ್ದಳು. ಅವಳ ಮನೆಯ ಹಿಂದೆ ಒಂದು ಹಿತ್ತಿಲು. ನಾಲ್ಕು ಚಾಪೆ ಹಾಸಿದರೆ ಮುಗಿಯಿತು, ಅಷ್ಟು ಚಿಕ್ಕದು. ಅಷ್ಟರಲ್ಲೇ ಒಂದು ಕುಂಬಳದ ಬಳ್ಳಿ, ಒಂದು ಎಕ್ಕದ ಗಿಡ, ಬೇಲಿಯ ಬುಡದಲ್ಲಿ ತುಂಬೆ, ಮೂಲೆಯಲ್ಲಿ ತರಗೆಲೆಯ ರಾಶಿ. ರಾಶಿಯ ಕೆಳಗೆ ಕಪ್ಪೆ ಇತ್ತು. ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆಯ ಹುಳು ಇತ್ತು. ಬೇಲಿಯ ಒಣಕೊಂಬೆಯಲ್ಲಿ ತೂತು ಕೊರೆದುಕೊಂಡು ದುಂಬಿ ಇತ್ತು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಪುಟ್ಟ ಗಿಡವೂ ಇತ್ತು. ಗರಿಯಂಥ ಎಲೆ, ಗುಲಾಬಿ ಬಣ್ಣದ ಉಂಡೆ ಹೂವು. ಅದರ ಎಲೆಗಳು ಯಾವಾಗಲೂ ಬಿಚ್ಚಿಕೊಂಡೇ ಇರುತ್ತಿದ್ದವು. ಯಾರು ಮುಟ್ಟಿದರೂ ಅದಕ್ಕೆ ಖುಷಿ.

ದೇವೀರಮ್ಮನ ಮಗಳು ಮಾದೇವಿ ಬಸುರಿಯಾದಳು. ಅವಳನ್ನು ಕರೆದುಕೊಂಡು ಬೀಗರು ಬರುತ್ತಾರೆಂದು ಸುದ್ದಿ ಬಂತು. ದೇವೀರಮ್ಮ ಹಿತ್ತಿಲನ್ನು ಒಮ್ಮೆ ನೋಡಿದಳು. "ಇದನ್ನ ನೋಡಿದರೆ ಬೀಗಿತ್ತಿ ಏನಂದುಕೊಂಡಾಳು?" ಎಂದು ನಾಚಿದಳು. ಪೊರಕೆ, ಕುಡುಗೋಲು ಹಿಡಿದು ಬಂದಳು.

ಪುಟ್ಟ ಗಿಡಕ್ಕೆ ಜೀವವೇ ಬಾಯಿಗೆ ಬಂತು. "ದೇವೀರವ್ವ, ನನ್ನ ಕೀಳಬೇಡ. ಇಲ್ಲಿ ಯಾರ್ಯಾರು ಎಲ್ಲೆಲ್ಲಿ ಅಡಗಿದ್ದಾರೆ ಅಂತ ಹೇಳ್ತೀನಿ" ಎಂದಿತು.

"ಹೇಳು, ಬಿಟ್ಟುಬಿಡ್ತೀನಿ" ಎಂದಳು ದೇವೀರಮ್ಮ.

ಗಿಡ ಎಲ್ಲವನ್ನೂ ಹೇಳಿತು. ಕಪ್ಪೆಯ ಜಾಗ ಹೇಳಿತು, ಹುಳುವಿನ ಜಾಗ ಹೇಳಿತು, ದುಂಬಿಯ ಜಾಗವನ್ನೂ ಹೇಳಿತು.

ದೇವೀರಮ್ಮ ತರಗೆಲೆ ಗುಡಿಸಿದಳು. ಎಕ್ಕ ಕಡಿದಳು. ತುಂಬೆ ಕಿತ್ತಳು. ಒಣಕೊಂಬೆ ಮುರಿದು, ಬೀಗರ ಸ್ನಾನಕ್ಕೆ ನೀರು ಕಾಯಿಸಲು ಒಲೆಗೆ ಇಟ್ಟಳು. ದುಂಬಿ ಹೊಗೆಯಲ್ಲಿ ತಡವರಿಸುತ್ತ ಹಾರಿಹೋಯಿತು.

ಕಪ್ಪೆ ಬೇಲಿ ದಾಟುವ ಮುಂಚೆ ತಿರುಗಿ ನೋಡಿತು. "ನಾನೇನು ತಪ್ಪು ಮಾಡಿದೆ, ದೇವೀರವ್ವ?"

"ತಪ್ಪೇನಿಲ್ಲ. ನೀನು ನೋಡೋಕೆ ಚೆನ್ನಾಗಿಲ್ಲ."

ಬೀಗರು ಬಂದರು. ಸಾರಿಸಿದ ಹಿತ್ತಿಲನ್ನು ಹೊಗಳಿದರು. ಹೊರಡುವಾಗ ಮಾದೇವಿ ಅಮ್ಮನ ಕಿವಿಯ ಹತ್ತಿರ, "ಅವ್ವ, ನಂಗೆ ನಮ್ಮ ಹಿತ್ತಿಲ ಕುಂಬಳಕಾಯಿ ತಿನ್ನಬೇಕು ಅನ್ನಿಸ್ತದೆ" ಎಂದಳು.

"ಮೊಗ್ಗು ಬಿಟ್ಟಿದೆ ಮಗಳೇ. ಹೆರಿಗೆಗೆ ನೀನು ಬರೋ ಹೊತ್ತಿಗೆ ಕಾಯಿ ಬಲಿತಿರ್ತದೆ."

ಬಳ್ಳಿ ಹೂ ಬಿಟ್ಟಿತು. ಹೂವಿನ ಹಿಂದೆ ಗೋಲಿಯಷ್ಟು ಹೀಚು ಕಾಣಿಸಿತು. ಹಳದಿಯಾಗಿ ಉದುರಿತು. ಮತ್ತೆ ಹೀಚು ಬಂತು, ಮತ್ತೆ ಉದುರಿತು.

ದೇವೀರಮ್ಮ ಗಾಳಿಯನ್ನು ತಡೆದು ಕೇಳಿದಳು. "ನೀನೇ ಉದುರಿಸ್ತಿದ್ದೀಯಾ?"

"ನಾನಲ್ಲ ತಾಯಿ. ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಒಯ್ದು ಕೊಡುತ್ತಿದ್ದದ್ದು ದುಂಬಿ. ಅದರ ಮನೇನ ನೀನು ಒಲೆಗೆ ಹಾಕಿದೆ."

ದೇವೀರಮ್ಮ ತಲೆ ತಗ್ಗಿಸಿದಳು.

ಮಾದೇವಿ ಹೆರಿಗೆಗೆ ಬಂದಳು. ಬಂದವಳೇ ಹಿತ್ತಿಲಿಗೆ ಹೋದಳು, ಬರಿಯ ಬಳ್ಳಿಯ ಮುಂದೆ ನಿಂತಳು. "ಇರಲಿ ಬಿಡವ್ವ" ಎಂದಳು, ಅಷ್ಟೆ. ಬೈದಿದ್ದರೆ ದೇವೀರಮ್ಮ ತಡೆದುಕೊಳ್ಳುತ್ತಿದ್ದಳು. ಮಗು ಹುಟ್ಟಿತು. ಬಸುರಿಯ ಬಯಕೆ ಹಾಗೇ ಉಳಿಯಿತು.

ಒಂದು ಬೆಳಗ್ಗೆ ದೇವೀರಮ್ಮ ನದಿಯ ದಂಡೆಗೆ ಹೋಗಿ ಕಪ್ಪೆಯನ್ನು ಹುಡುಕಿದಳು. ಅದರ ಮುಖ ನೋಡಲಾಗದೆ ನೀರು ನೋಡುತ್ತ ಮಾತಾಡಿದಳು. "ಬಾ ಅಂತ ಕರೆಯೋ ಮುಖ ನಂಗಿಲ್ಲ. ಆದರೂ ಕರೀತಿದ್ದೀನಿ."

"ಎಲ್ಲಿಗೆ ಬರಲಿ? ಅಲ್ಲಿ ನೆರಳಿಲ್ಲ, ತೇವ ಇಲ್ಲ. ಮೊದಲು ಜಾಗ ಮಾಡು" ಎಂದಿತು ಕಪ್ಪೆ.

ದೇವೀರಮ್ಮ ಜಾಗ ಮಾಡಿದಳು. ಎಕ್ಕ ನೆಟ್ಟಳು, ತುಂಬೆ ನೆಟ್ಟಳು. ಬಾಯಗಲದ ಮಡಕೆಯೊಂದನ್ನು ನೆಲದಲ್ಲಿ ಹೂತು ನೀರು ತುಂಬಿ, ಹತ್ತಿ ಇಳಿಯಲು ಒಳಗೆ ಕಲ್ಲು ಜೋಡಿಸಿದಳು. ಬೇಲಿಗೆ ಒಣಕೊಂಬೆಗಳನ್ನು ಕಟ್ಟಿದಳು. ಬೀದಿಯ ತರಗೆಲೆಯನ್ನೆಲ್ಲ ಹೊತ್ತು ತಂದು ಮೂಲೆಗೆ ಸುರಿದಳು.

ಬೀಗಿತ್ತಿ ಮೊಮ್ಮಗುವನ್ನು ನೋಡಲು ಬಂದಾಗ, "ಇದೇನು ಇಷ್ಟು ಕಸ?" ಎಂದಳು.

"ಕಸ ಅಲ್ಲ ಅಕ್ಕ. ಇದು ಅವರ ಮನೆ. ನಾನು ಕೆಡವಿದ್ದೆ" ಎಂದಳು ದೇವೀರಮ್ಮ. ಕಿವಿ ಬಿಸಿಯಾಯಿತು. ಆದರೂ ಪೊರಕೆ ಮುಟ್ಟಲಿಲ್ಲ.

ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಒಂದು ಚಿಟ್ಟೆ ಬಂದು ಎಕ್ಕದ ಮೇಲೆ ಮೊಟ್ಟೆ ಇಟ್ಟಿತು. ಒಂದು ದುಂಬಿ ಒಣಕೊಂಬೆ ಕೊರೆಯಿತು. ಅದು ಹಳೆಯ ದುಂಬಿಯಲ್ಲ, ಬೇರೆ. ಹಳೆಯದು ಮತ್ತೆ ಬರಲೇ ಇಲ್ಲ. ಬಳ್ಳಿಯಲ್ಲಿ ಹೀಚು ನಿಂತು ಕಾಯಾಯಿತು. ಅಷ್ಟರಲ್ಲಿ ಮಾದೇವಿಯ ಮಗು ಅಂಬೆಗಾಲಿಡುತ್ತಿತ್ತು.

ಎಲ್ಲರಿಗಿಂತ ಕೊನೆಗೆ ಕಪ್ಪೆ ಬಂತು. ಹಿತ್ತಿಲ ನಡುವೆ ಕುಳಿತು, "ಅವತ್ತು ನಾನು ಎಲೆಯ ಕೆಳಗಿದ್ದದ್ದನ್ನು ಯಾರು ಹೇಳಿದರು?" ಎಂದು ಕೇಳಿತು.

ಪುಟ್ಟ ಗಿಡ ಗಡಗಡ ನಡುಗಿತು.

ದೇವೀರಮ್ಮ ಅದರ ಕಡೆ ನೋಡಲಿಲ್ಲ. "ಯಾರು ಹೇಳಿದರೇನು? ಗುಡಿಸಿದವಳು ನಾನು. ತಪ್ಪು ನನ್ನದು."

"ಆಯ್ತು" ಎಂದಿತು ಕಪ್ಪೆ. ಮಡಕೆಯ ನೀರಿನ ಕಡೆ ಕುಪ್ಪಳಿಸಿತು. ಹೋಗುವಾಗ ಅದರ ಒದ್ದೆ ಮೈ ಪುಟ್ಟ ಗಿಡದ ಎಲೆಗೆ ಮೆತ್ತಗೆ ತಾಗಿತು.

ಗಿಡಕ್ಕೆ ತಡೆಯಲಾಗಲಿಲ್ಲ. ತನ್ನ ಮಾತಿಗೆ ಬೇರೆಯವರು ತಲೆ ತಗ್ಗಿಸಿದರಲ್ಲ ಎಂದು ಕುಗ್ಗಿತು. ಎಲೆಗಳನ್ನು ಒಂದೊಂದಾಗಿ ಜೋಡಿಸಿ ಮುಖ ಮುಚ್ಚಿಕೊಂಡಿತು. ಕಡ್ಡಿಯೂ ಬಾಗಿತು.

"ಸಾಕು, ಏಳು" ಎಂದು ದೇವೀರಮ್ಮ ಸವರಿದಳು. ಸವರಿದ ಎಲೆಯೂ ಮುಚ್ಚಿತು. ಅವಳಿಗೆ ಅರ್ಥವಾಯಿತು. ಇನ್ನು ಮುಟ್ಟದೆ ಎದ್ದು ಒಳಗೆ ಹೋದಳು. ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಗಿಡ ಮೆಲ್ಲಗೆ ಎಲೆ ಬಿಚ್ಚಿತು.

ಜನ ಅದನ್ನು ಮುಟ್ಟಿದರೆ ಮುನಿ ಎಂದು ಕರೆಯುತ್ತಾರೆ, ಆದರೆ ಮಗೂ, ನೀನು ಬೆರಳು ತಾಗಿಸಿದಾಗ ಅದು ಎಲೆ ಮಡಿಸುವುದು ನಿನ್ನ ಮೇಲಿನ ಮುನಿಸಿಗಲ್ಲ, ಕಪ್ಪೆಯೇ ಬಂತೇನೋ ಎಂಬ ನಾಚಿಕೆಗೆ.