ಹದ್ದು ಇದ್ದ ಜಾಗ

“ಗುರುಗಳೇ, ಹಳೆಯ ಈಜಿಪ್ಟಿನವರಿಗೆ ಬೆಕ್ಕೂ ದೇವರು, ಮೊಸಳೆಯೂ ದೇವರು, ಹದ್ದೂ ದೇವರು. ಆಮೇಲೆ ದೇವರು ಒಬ್ಬನೇ ಎನ್ನುವ ಧರ್ಮಗಳು ಬಂದವು. ಅವು ಇವತ್ತಿಗೂ ಇವೆ. ಈಜಿಪ್ಟಿನವರ ದೇವರುಗಳು ಮರಳಿನಲ್ಲಿ ಹೂತುಹೋದರು. ಯಾರು ಸರಿ ಎಂಬುದು ಅಲ್ಲಿಗೇ ತೀರ್ಮಾನವಾಗಲಿಲ್ಲವೇ?”

ಶಿಷ್ಯ ಇದನ್ನು ಸುಮ್ಮನೆ ಕೇಳಿರಲಿಲ್ಲ. ಮಠದ ಬೆಳಗಿನ ಪ್ರಾರ್ಥನೆಯಲ್ಲಿ ಊರ ದೇವತೆಯನ್ನು ‘ಅವ್ವಾ’ ಎಂದು ಕರೆಯುವ ಸಾಲೊಂದು ಹಿಂದಿನಿಂದ ಉಳಿದುಬಂದಿತ್ತು. ದೇವರು ಒಬ್ಬನೇ ಎಂದ ಮೇಲೆ ಆ ಮಾತಿಗೆ ಅಲ್ಲಿ ಏನು ಕೆಲಸ ಎಂಬುದು ಅವನ ವಾದ. ಆ ಸಾಲನ್ನು ಬಿಟ್ಟು ಪ್ರಾರ್ಥನೆಯ ಹೊಸ ಪ್ರತಿಯನ್ನು ಬರೆದುಕೊಂಡೇ ಬಂದಿದ್ದ. ಗುರುಗಳು ಒಪ್ಪುವುದೊಂದು ಉಳಿದಿತ್ತು.

ಗುರುಗಳು ಹಾಳೆಯನ್ನು ತೆಗೆದುಕೊಂಡು, ಓದದೆ ತೊಡೆಯ ಮೇಲಿಟ್ಟುಕೊಂಡು, ಈ ಕತೆ ಹೇಳಿದರು.

ಈಜಿಪ್ಟಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಗೋಡೆಯ ಮೇಲೆ ಅಕ್ಷರ ಕೆತ್ತುವುದು ಅವನ ಕಸುಬು. ಅವರ ಅಕ್ಷರಗಳೆಂದರೆ ಚಿತ್ರಗಳು. ಅವುಗಳಲ್ಲಿ ಬಲು ಕಷ್ಟದ್ದು ರಣಹದ್ದು; ಕತ್ತು ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ಬಾತುಕೋಳಿಯಾಗಿಬಿಡುತ್ತದೆ. ಅವನ ಹದ್ದು ಎಂದೂ ಬಾತುಕೋಳಿಯಾದದ್ದಿಲ್ಲ.

ಅವನು ಬೆಳೆದ ಮನೆಯಲ್ಲಿ ದೇವರುಗಳಿಗೆ ಕೊರತೆಯಿರಲಿಲ್ಲ. ಕಾಳಿನ ಮಡಕೆ ಕಾಯಲು ಒಬ್ಬ ಹಾವಿನ ದೇವಿ. ಹೆರಿಗೆಯ ಕೋಣೆಗೆ ಬಸುರಿ ನೀರಾನೆ. ಬಾಗಿಲ ಪಕ್ಕದ ಗೂಡಿನಲ್ಲಿ ಕೆಟ್ಟದ್ದನ್ನು ಹೆದರಿಸಲೆಂದು ನಾಲಿಗೆ ಚಾಚಿದ ಕುಳ್ಳ ದೇವರು. ತಾಯಿ ಬೆಳಿಗ್ಗೆ ರೊಟ್ಟಿ ಸುಟ್ಟೊಡನೆ ಮೊದಲ ತುಣುಕನ್ನು ಕುಳ್ಳನ ಮುಂದಿಡುತ್ತಿದ್ದಳು. ಮಗನಿಗೆ ಜ್ವರ ಬಂದ ದಿನ ಇಡುತ್ತಿರಲಿಲ್ಲ. “ಬಾಗಿಲು ಕಾಯೋ ಅಂದರೆ ನಾಲಿಗೆ ಚಾಚಿಕೊಂಡು ನಿಂತಿದ್ದೀಯಲ್ಲೋ, ಸೋಮಾರಿ” ಎಂದು ಬೈದು ಅವನ ಮುಖವನ್ನು ಗೋಡೆಗೆ ತಿರುಗಿಸಿಡುತ್ತಿದ್ದಳು. ಜ್ವರ ಇಳಿದ ಮೇಲೆ ಇತ್ತ ತಿರುಗಿಸಿ ಎರಡು ತುಣುಕು ಇಡುತ್ತಿದ್ದಳು. ಕಲ್ಲುಕುಟಿಗನ ತಲೆ ನರೆತ ಮೇಲೂ, ಎಲ್ಲಾದರೂ ರೊಟ್ಟಿ ಸುಡುವ ವಾಸನೆ ಬಂದರೆ, ಅವನ ಕಿವಿಗೆ ಮೊದಲು ಕೇಳಿಸುತ್ತಿದ್ದುದು ಆ ಬೈಗುಳ.

ಆ ತಾಯಿ ಸತ್ತಳು. ಅವಳ ಹೆಸರು ಮುತೆಂಹೆಬ್. ಮುತ್ ಎಂಬ ದೇವಿ ಹಬ್ಬದಲ್ಲಿದ್ದಾಳೆ ಎಂದು ಅರ್ಥ. ಅವರ ಭಾಷೆಯಲ್ಲಿ ಹೆಬ್ ಎಂದರೆ ಹಬ್ಬ. ಕಿವಿ ನಿಮಿರಿಸಬೇಡ, ಆಕಸ್ಮಿಕ. ಮಗ ಪಡುವಣ ಗುಡ್ಡದಲ್ಲಿ ಚಿಕ್ಕ ಗವಿ ಕೊರೆದು ಅವಳನ್ನು ಮಲಗಿಸಿದ. ಗೋಡೆಯ ಮೇಲೆ ಹೆಸರನ್ನು ತಾನೇ ಕೆತ್ತಿದ. ಹೆಸರಿನ ಮೊದಲ ಚಿತ್ರ ರಣಹದ್ದು. ಅಂಥ ಹದ್ದನ್ನು ಅವನು ಮತ್ತೆ ಕೆತ್ತಲಿಲ್ಲ. ಸತ್ತವರ ಹೆಸರನ್ನು ಬದುಕಿರುವವರು ಬಾಯಿಬಿಟ್ಟು ಓದುವಷ್ಟು ಕಾಲ ಸತ್ತವರು ಆಚೆಯ ಲೋಕದಲ್ಲಿ ಉಂಡುಟ್ಟು ಇರುತ್ತಾರೆ. ಹೆಸರು ಅಳಿದರೆ ಅಲ್ಲಿಯೂ ಸಾಯುತ್ತಾರೆ. ಇದು ಅವರ ನಂಬಿಕೆ.

ಅಷ್ಟರಲ್ಲಿ ಹೊಸ ರಾಜ ಬಂದ. ದೇವರು ಒಬ್ಬನೇ, ಅವನು ಸೂರ್ಯಬಿಂಬ ಎಂದ. ಉಳಿದ ದೇವರುಗಳ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಯಬೇಕೆಂದು ಆಜ್ಞೆಯಾಯಿತು. ರಾಜನ ಸ್ವಂತ ಅಪ್ಪನ ಹೆಸರಿನೊಳಗೂ ಹಳೆಯ ದೇವರೊಬ್ಬನಿದ್ದ. ರಾಜ ಅದನ್ನೂ ತೆಗೆಸಿದ. ಪಕ್ಷಪಾತಿ ಎಂದು ಅವನನ್ನು ಯಾರೂ ದೂರುವಂತಿರಲಿಲ್ಲ.

ಹೊಸ ದೇವರ ಬಗ್ಗೆ ಕಲ್ಲುಕುಟಿಗನಿಗೆ ತಕರಾರಿರಲಿಲ್ಲ. ಬಿಸಿಲು ಒಡೆಯನ ಮೇಲೂ ಬೀಳುತ್ತದೆ, ಆಳಿನ ಮೇಲೂ ಬೀಳುತ್ತದೆ, ಪರದೇಶದವನನ್ನೂ ಬಿಡುವುದಿಲ್ಲ. ಇಷ್ಟು ದೊಡ್ಡ ಮನಸ್ಸು ಹಳೆಯ ದೇವರುಗಳಲ್ಲಿ ಅವನು ಕಂಡಿರಲಿಲ್ಲ. ಗುಡಿಗಳಲ್ಲಿ ಅವರು ಕತ್ತಲೆಯ ಕೋಣೆಗಳಲ್ಲಿದ್ದು ಪೂಜಾರಿಗಳಿಗಷ್ಟೇ ಕಾಣುತ್ತಿದ್ದರು. ಹೊಸ ದೇವರು ಎಲ್ಲರಿಗೂ ಕಾಣುತ್ತಿದ್ದ. ದಿಟ್ಟಿಸಿ ನೋಡಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಜ್ವರ ಬಂದಾಗ ಇವನ ಮುಖವನ್ನು ಗೋಡೆಗೆ ತಿರುಗಿಸುವುದು ಹೇಗೆ ಎಂಬುದೊಂದೇ ಕಲ್ಲುಕುಟಿಗನಿಗೆ ಹೊಳೆಯಲಿಲ್ಲ.

ಅವನ ಕೇರಿಗೆ ಒಬ್ಬ ಅಧಿಕಾರಿ ಬಂದ. ತೆಗೆಯಬೇಕಾದ ಚಿತ್ರಗಳನ್ನು ಹಲಗೆಯ ಮೇಲೆ ಬರೆದು ತಂದಿದ್ದ, ಏಕೆಂದರೆ ತೆಗೆಯುವವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಹಲಗೆಯಲ್ಲಿ ರಣಹದ್ದೂ ಇತ್ತು.

“ಒಡೆಯರೇ, ಈ ಹದ್ದಿಗೆ ಎರಡು ಓದು” ಎಂದ ಕಲ್ಲುಕುಟಿಗ. “ಮುತ್ ದೇವಿ ಎಂದರೂ ಇದೇ, ತಾಯಿ ಎಂದರೂ ಇದೇ.”

“ಗೊತ್ತು.”

“ಯಾವ ಹದ್ದು ದೇವಿ, ಯಾವ ಹದ್ದು ತಾಯಿ ಎಂದು ಹೇಗೆ ಬೇರೆ ಮಾಡಲಿ?”

“ಆ ತೊಂದರೆ ನಿನಗೇಕೆ? ಎರಡನ್ನೂ ತೆಗೆ.”

“ಮುಂದೆ ತಾಯಿ ಎಂದು ಬರೆಯಬೇಕಾಗಿ ಬಂದರೆ?”

“ಬಿಡಿ ಅಕ್ಷರದಲ್ಲಿ ಬರೆ. ಮಕಾರಕ್ಕೆ ಗೂಬೆ, ತಕಾರಕ್ಕೆ ರೊಟ್ಟಿ.”

“ಹೆತ್ತ ತಾಯಿಯನ್ನು ಗೂಬೆ ಎನ್ನಲೇ?”

“ಎನ್ನಬೇಡವಯ್ಯ. ಗೂಬೆ ಬರೆ, ತಾಯಿ ಎಂದು ಓದು. ಎಲ್ಲರೂ ರೂಢಿ ಮಾಡಿಕೊಂಡಿದ್ದಾರೆ. ನನ್ನ ಹೆಸರಿನಲ್ಲೂ ಹಳೆಯ ದೇವರಿದ್ದ, ನಾನೇ ತೆಗೆದುಹಾಕಿದೆ. ಮನೆಯಲ್ಲಿ ನನ್ನ ತಾಯಿ ಮಾತ್ರ ಇನ್ನೂ ಹಳೆಯ ಹೆಸರು ಹಿಡಿದೇ ಕೂಗುತ್ತಾಳೆ.”

“ನೀವು ಓಗೊಡುತ್ತೀರಾ?”

“ಊಟಕ್ಕೆ ಕೂಗಿದರೆ ಮಾತ್ರ.”

ಅಧಿಕಾರಿ ಕೆಟ್ಟವನಲ್ಲ. ನಂಬಿದ್ದ, ಅಷ್ಟೆ.

ಗುಡ್ಡದ ಗವಿಗಳ ಸರದಿ ಬಂತು. ಮುತೆಂಹೆಬಳ ಗವಿಯ ಬಾಗಿಲಲ್ಲಿ ಅಧಿಕಾರಿ ತಾಮ್ರದ ಕನ್ನಡಿಯನ್ನು ಕಲ್ಲಿಗೆ ಒರಗಿಸಿ ಬಿಸಿಲನ್ನು ಒಳಗೆ ಹಾಯಿಸಿದ. ಕೆಲಸಕ್ಕೆ ಹೊಸ ದೇವರೇ ದೀಪ ಹಿಡಿದಂತಾಯಿತು. ಕಲ್ಲುಕುಟಿಗ ಹೆಸರಿನ ಮುಂದೆ ಕೂತ. ಒಲ್ಲೆನೆಂದರೆ ಓದು ಬಾರದ ಇನ್ನೊಬ್ಬ ಬರುತ್ತಾನೆ, ಹದ್ದಿನ ಜೊತೆಗೆ ಅರ್ಧ ಗೋಡೆಯನ್ನೂ ಕೆಡವುತ್ತಾನೆ. ತೆಗೆದರೆ ಉಳಿಯುವುದು ‘ಹಬ್ಬದಲ್ಲಿದ್ದಾಳೆ’ ಎಂಬುದಷ್ಟೇ. ಹಬ್ಬ ಇರುತ್ತದೆ. ಹಬ್ಬಕ್ಕೆ ಬಂದವಳು ಇರುವುದಿಲ್ಲ.

ಅವನು ಉಳಿ ಎತ್ತಿದ. ಬೇರೆಯವರಂತೆ ನಟ್ಟನಡುವೆ ಹೊಡೆಯಲಿಲ್ಲ. ಕೊಕ್ಕಿನಿಂದ ಶುರುಮಾಡಿ, ತಾನು ಹಿಂದೆ ಎಳೆದಿದ್ದ ಗೆರೆಯ ಮೇಲೆಯೇ ಉಳಿ ನಡೆಸಿದ. ಕತ್ತಿನ ಬಳಿ ಉಸಿರು ಹಿಡಿದ. ಬೆನ್ನು, ಬಾಲ, ಉಗುರು. ಹದ್ದು ಪುಡಿಯಾಗಿ ಅವನ ಮಡಿಲಿಗೆ ಬಿತ್ತು. ಅದು ಇದ್ದ ಜಾಗದಲ್ಲಿ ಕುಳಿ ಉಳಿಯಿತು. ಕುಳಿಯ ಕತ್ತು ಕೂದಲೆಳೆಯಷ್ಟೂ ಹೆಚ್ಚು ದಪ್ಪವಾಗಿರಲಿಲ್ಲ.

ಅಧಿಕಾರಿ ಒಳಗೆ ಬಂದು ನೋಡಿದ. ಹದ್ದು ಇರಲಿಲ್ಲ, ಆಜ್ಞೆ ನಡೆದಿತ್ತು. ಆದರೆ ಅವನು ಓದು ಬಲ್ಲವನು, ಓದು ಬಲ್ಲವನ ಬಾಯಿ ಅಕ್ಷರ ಕಂಡರೆ ಸುಮ್ಮನಿರುವುದಿಲ್ಲ.

“ಮುತೆಂಹೆಬ್” ಎಂದು ಓದಿದ.

ಅವಳನ್ನು ಮಲಗಿಸಿದ ಮೇಲೆ ಆ ಗವಿಯಲ್ಲಿ ಇನ್ನೊಬ್ಬರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಕಲ್ಲುಕುಟಿಗ ತಲೆ ಎತ್ತಲಿಲ್ಲ. ಅಧಿಕಾರಿಗೆ ತಾನು ಏನು ಮಾಡಿದೆನೆಂಬುದು ತಡವಾಗಿ ತಿಳಿಯಿತು. ಹದ್ದು ತೆಗೆಯಲಾಗಿದೆ ಎಂದು ಹಲಗೆಯ ಮೇಲೆ ಗುರುತು ಹಾಕಿ, ಕನ್ನಡಿ ಎತ್ತಿಕೊಂಡು ಹೊರಟುಹೋದ. ಅಂದು ಮನೆಯಲ್ಲಿ ತಾಯಿ ಹಳೆಯ ಹೆಸರು ಹಿಡಿದು ಕೂಗಿದಾಗ, ಊಟದ ಹೊತ್ತಲ್ಲದಿದ್ದರೂ ಓಗೊಟ್ಟನಂತೆ.

ರಾಜರೂ ಸಾಯುತ್ತಾರೆ. ಈ ರಾಜನೂ ಸತ್ತ. ಹಳೆಯ ದೇವರುಗಳು ಏನೂ ಆಗದವರಂತೆ ತಮ್ಮ ತಮ್ಮ ಕೋಣೆಗಳಿಗೆ ಮರಳಿದರು. ಈಗ ಸೂರ್ಯಬಿಂಬವನ್ನು ಕೆತ್ತಿ ತೆಗೆಯಿರಿ ಎಂದು ಆಜ್ಞೆಯಾಯಿತು. ಅದೇ ಕಲ್ಲುಕುಟಿಗನನ್ನು ಕರೆದರು. ಅವನ ಕೆಲಸ ಅಚ್ಚುಕಟ್ಟು ಎಂದು ಹೆಸರಾಗಿತ್ತು. ಅಧಿಕಾರ ಹೋದ ಅಧಿಕಾರಿ ಸೂರ್ಯಬಿಂಬದ ಬಯಲು ಗುಡಿಯ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಮುದುಕನಾಗಿದ್ದ. ಕಲ್ಲುಕುಟಿಗ ಬಿಂಬವನ್ನು ಅದರ ಅಂಚು ಹಿಡಿದೇ ತೆಗೆದ. ಗುಂಡನೆಯ ಕುಳಿಯೊಳಗೆ ಬೆಳಗಿನ ಬಿಸಿಲು ಬಂದು ಕೂತಿತು.

“ಓದಿ, ಒಡೆಯರೇ” ಎಂದು ಕಲ್ಲುಕುಟಿಗ ಪಕ್ಕಕ್ಕೆ ಸರಿದು ನಿಂತ.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

ಶಿಷ್ಯ, “ಹಾಗಾದರೆ ಒಬ್ಬನೇ ಎನ್ನುವುದು ತಪ್ಪೇ, ಗುರುಗಳೇ?” ಎಂದ.

“ತಪ್ಪೆಂದು ನಾನೆಲ್ಲಿ ಹೇಳಿದೆ? ಒಬ್ಬನೇ ಎಂದ ಧರ್ಮಗಳು ಉಳಿದವು ಎಂದೆಯಲ್ಲ, ನಿಜ. ಅಲ್ಲಿಯೂ ಜನ ಆ ಒಬ್ಬನೊಡನೆ ಜಗಳವಾಡಿದರು, ಅತ್ತರು, ತಂದೆ ಎಂದರು, ಒಡೆಯ ಎಂದರು, ಕರುಣಾಳು ಎಂದರು, ನೂರು ಹೆಸರು ಹಿಡಿದು ಕರೆದರು. ದೇವರು ಒಬ್ಬನಾದರೂ ಕರೆಯುವವರು ಬಹಳ.”

“ಹಾಗಾದರೆ ‘ಅವ್ವಾ’ ಬಿಟ್ಟ ನನ್ನ ಪ್ರತಿ?”

ಗುರುಗಳು ತೊಡೆಯ ಮೇಲಿದ್ದ ಹಾಳೆಯನ್ನು ಮಡಿಸಿ ಅವನ ಕೈಗೆ ಕೊಟ್ಟರು.

“ಒಪ್ಪಿಗೆಯಿದೆ. ಊರಿಗೆ ಹೋದಾಗ ನಿನ್ನನ್ನು ಹೆತ್ತವಳನ್ನು ಇನ್ನು ಮೇಲೆ ಏನೆಂದು ಕರೆಯುತ್ತೀಯ ಎಂಬುದನ್ನೂ ಇದರಲ್ಲಿ ಬರೆದುಕೊಂಡು ಬಾ.”